ಹಬ್ಬದ ರಜೆ ವರ್ಷ ವರ್ಷ ಯಾಕೆ ಜರುಗುತ್ತದೆ?

ಆಗಸ್ಟ್ ಮೊದಲ ವಾರ. ಕೊಡಗಿನ ಸುಂಟಿಕೊಪ್ಪದ ಕಡೆ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಹೋಂಸ್ಟೇ ಅಡುಗೆಮನೆಯ ಹುಡುಗ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿ ಏನೋ ಎಣಿಸುತ್ತಿದ್ದ. ಒಲೆ ಮೇಲೆ ಹಾಲು ಉಕ್ಕುವುದರಲ್ಲಿತ್ತು.

"ಅಕ್ಕ, ಅಕ್ಟೋಬರ್ 7ಕ್ಕೆ ಊರಿಗೆ ಹೊರಡ್ತೀನಿ. ನವೆಂಬರ್ 15ಕ್ಕೆ ವಾಪಸ್."

"ಹೋದ ವರ್ಷ ಸೆಪ್ಟೆಂಬರ್ 18ಕ್ಕೇ ಹೋಗಿದ್ದೆಯಲ್ಲೋ? ನಿಮ್ಮೂರ ಹಬ್ಬಕ್ಕೆ ಕಾಲು ಇದೆಯಾ?"

ಅವನು ನಕ್ಕ. "ನಿಮ್ಮ ದಸರಾಕ್ಕೂ ಇದೆ ಅಕ್ಕ. ಎರಡೂ ಒಟ್ಟಿಗೇ ನಡೆಯುತ್ತೆ."

ಅವನು ನೇಪಾಳದ ಬಾಗ್ಲುಂಗ್ ಜಿಲ್ಲೆಯವನು. ಆರು ವರ್ಷದಿಂದ ನಮ್ಮ ಜೊತೆ ಇದ್ದಾನೆ. ಅಕ್ಕಿ ರೊಟ್ಟಿ, ಕಡಂಬುಟ್ಟು ಎಲ್ಲ ನನಗಿಂತ ಚೆನ್ನಾಗಿ ಮಾಡುತ್ತಾನೆ. ಆಗಸ್ಟ್‌ನಲ್ಲೇ ರಜೆ ಕೇಳಿದ್ದಕ್ಕೂ ಕಾರಣ ಇದೆ. ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಅಕ್ಟೋಬರ್ 7ರ ಟಿಕೆಟ್ ಬೇಕೆಂದರೆ ಆಗಸ್ಟ್ ಎಂಟರ ಬೆಳಿಗ್ಗೆ ಫೋನ್ ಹಿಡಿದು ಕೂರಬೇಕು. ಕೊಡಗಿನಲ್ಲಿ ರೈಲೇ ಇಲ್ಲ, ಆದರೂ ರೈಲಿನ ಚಿಂತೆ ಮಾತ್ರ ನಮಗೆ ತಪ್ಪಿದ್ದಲ್ಲ.

ನನ್ನ ಗೋಳು ಏನೆಂದರೆ, ಇವನು ಹೊರಡುವ ಹೊತ್ತೇ ನಮಗೆ ಗೆಸ್ಟ್‌ಗಳು ಜಾಸ್ತಿ. ದಸರಾ ರಜೆ ಬಂತೆಂದರೆ ಬೆಂಗಳೂರು ಪೂರ್ತಿ ಗಾಡಿ ಹತ್ತಿ ಮಡಿಕೇರಿಗೆ ಬರುತ್ತದೆ. ಪಕ್ಕದ ತೋಟದಲ್ಲಿ ಬಿಹಾರದವರಿದ್ದಾರೆ. ಅವರು ದಸರಾಕ್ಕೆ ಅಲುಗುವುದಿಲ್ಲ, ದೀಪಾವಳಿ ಆದ ಆರನೇ ದಿನದ ಛಟ್‌ಗೆ ಹೋಗುತ್ತಾರೆ. ಬೈಲಕುಪ್ಪೆಯ ಟಿಬೆಟಿಯನ್ನರ ಲೆಕ್ಕ ಬೇರೆ. ಒಂದು ಸಲ ಚೀನಾದಲ್ಲಿ ಕೆಲಸ ಮಾಡಿ ಬಂದ ಗೆಸ್ಟ್ ಒಬ್ಬರು, ಅಲ್ಲಿ ರಜೆಗೆ ಮೊದಲು ಭಾನುವಾರ ಆಫೀಸಿಗೆ ಹೋಗುತ್ತಿದ್ದೆವು ಎಂದರು. ಯಾರ ರಜೆ ಯಾವಾಗ, ಯಾಕೆ ಎಂದು ಸುಮ್ನೆ ಬರೆದಿಡಲು ಶುರು ಮಾಡಿದೆ. ಬರೆದಷ್ಟೂ ಕುತೂಹಲ ಹುಟ್ಟಿತು.

ಇದಕ್ಕೆಲ್ಲ ಎರಡು ಗಡಿಯಾರಗಳಿವೆ. ಒಂದು ಸೂರ್ಯನದು, ಇನ್ನೊಂದು ಚಂದ್ರನದು.

ಸೂರ್ಯನ ಗಡಿಯಾರ ಕೊಡಗಿನವರಿಗೆ ಚೆನ್ನಾಗಿ ಗೊತ್ತು. ತಲಕಾವೇರಿಯ ತೀರ್ಥೋದ್ಭವ ತುಲಾ ಸಂಕ್ರಮಣಕ್ಕೆ, ಅಂದರೆ ಸೂರ್ಯ ತುಲಾ ರಾಶಿಗೆ ಕಾಲಿಡುವ ಹೊತ್ತಿಗೆ. ಅದು ಪ್ರತಿ ವರ್ಷ ಅಕ್ಟೋಬರ್ 17ರ ಆಸುಪಾಸಿನಲ್ಲೇ. ಇಲ್ಲಿ ಜರುಗುವುದು ದಿನವಲ್ಲ, ಗಂಟೆ. 2022ರಲ್ಲಿ 17ರ ಸಂಜೆ 7.21. 2023ರಲ್ಲಿ ಮಧ್ಯರಾತ್ರಿ ದಾಟಿ 1.27, ಅಂದರೆ ತಾರೀಕು 18. 2024ರಲ್ಲಿ 17ರ ಬೆಳಿಗ್ಗೆ 7.40. 2025ರಲ್ಲಿ 17ರ ಮಧ್ಯಾಹ್ನ 1.44. ಒಂದರಿಂದ ಒಂದನ್ನು ಕಳೆದು ನೋಡಿ. ಪ್ರತಿ ಸಲ ಆರು ಗಂಟೆ ಚಿಲ್ಲರೆ. ಸೂರ್ಯ ನಕ್ಷತ್ರಗಳ ನಡುವೆ ಅದೇ ಜಾಗಕ್ಕೆ ಮತ್ತೆ ಬರಲು 365 ದಿನ ಸಾಲುವುದಿಲ್ಲ. ಮೇಲೆ ಇನ್ನೂ ಸುಮಾರು 6 ಗಂಟೆ 9 ನಿಮಿಷ ಬೇಕು. ಆ ಚಿಲ್ಲರೆಯೇ ಭಕ್ತರನ್ನು ಒಂದು ವರ್ಷ ನಡುರಾತ್ರಿಯ ಚಳಿಯಲ್ಲಿ, ಇನ್ನೊಂದು ವರ್ಷ ನಡುಮಧ್ಯಾಹ್ನದಲ್ಲಿ ಕುಂಡಿಕೆಯ ಮುಂದೆ ನಿಲ್ಲಿಸುವುದು. ನಾಲ್ಕು ವರ್ಷಕ್ಕೆ ಚಿಲ್ಲರೆ ಸೇರಿ ಒಂದು ದಿನವಾಗುತ್ತದೆ. ಫೆಬ್ರವರಿ 29 ಅದನ್ನು ನುಂಗಿ ತಾರೀಕನ್ನು ಹಿಂದಕ್ಕೆ ಎಳೆಯುತ್ತದೆ. ಈ ಲೆಕ್ಕದಲ್ಲಿ 2026ರ ತೀರ್ಥೋದ್ಭವ ರಾತ್ರಿ ಎಂಟರ ಆಸುಪಾಸಿಗೆ ಬರಬೇಕು. ನಿಮಿಷ ಹೇಳುವ ಕೆಲಸ ದೇವಸ್ಥಾನದವರದು, ನನ್ನದಲ್ಲ.

ಚಂದ್ರನ ಗಡಿಯಾರ ಓಡುವುದೇ ಬೇರೆ ಥರ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಹಾಗಾಗಿ ಚಂದ್ರನನ್ನು ನೋಡಿ ಮಾಡುವ ಹಬ್ಬ ವರ್ಷ ವರ್ಷ ಹತ್ತು ಹನ್ನೆರಡು ದಿನ ಮೊದಲೇ ಬರುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24. 2024ರಲ್ಲಿ ಅಕ್ಟೋಬರ್ 12. 2025ರಲ್ಲಿ ಅಕ್ಟೋಬರ್ 2. ಹೀಗೇ ಬಿಟ್ಟರೆ ಕೆಲವೇ ವರ್ಷದಲ್ಲಿ ದಸರಾ ಜುಲೈ ಮಳೆಗೆ ಸಿಕ್ಕಿ ಮಂಟಪಗಳೆಲ್ಲ ತೊಯ್ದು ತೊಪ್ಪೆ ಆಗುತ್ತಿದ್ದವು. ರಂಜಾನ್ ಹಾಗೆಯೇ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ, ಯಾಕೆಂದರೆ ಆ ಲೆಕ್ಕ ಪೂರ್ತಿ ಚಂದ್ರನದು. ನಮ್ಮ ಪಂಚಾಂಗದವರು ಸಾಲ ತೀರಿಸುವ ದಾರಿ ಇಟ್ಟುಕೊಂಡಿದ್ದಾರೆ. ಹನ್ನೊಂದು ಹನ್ನೊಂದು ದಿನ ಸೇರಿ ಒಂದು ತಿಂಗಳಾದಾಗ ಒಂದು ಅಧಿಕ ಮಾಸ ಸೇರಿಸಿಬಿಡುತ್ತಾರೆ. ಸುಮಾರು ಎರಡು ವರ್ಷ ಎಂಟು ತಿಂಗಳಿಗೊಮ್ಮೆ ಇದು ಬರುತ್ತದೆ. ಈ ವರ್ಷ ಮೇ ನಡುವಿನಿಂದ ಜೂನ್ ನಡುವಿನವರೆಗೆ ಅಧಿಕ ಜ್ಯೇಷ್ಠ ಬಂತಲ್ಲ, ಅದೇ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ ಎಂದು ಪುರೋಹಿತರು ಸುಮ್ಮನೆ ಕೂತಿದ್ದ ತಿಂಗಳು. ಅದರಿಂದಲೇ ದಸರಾ ಅಕ್ಟೋಬರ್ 20–21ಕ್ಕೆ ಹೋಯಿತು. ನಮ್ಮ ಹುಡುಗನ ರಜೆಯೂ ಅದರ ಜೊತೆಗೇ ಹೋಯಿತು.

ನೇಪಾಳದವರು ಎರಡೂ ಗಡಿಯಾರ ಕಟ್ಟಿಕೊಂಡಿದ್ದಾರೆ. ಅವರ ಸರ್ಕಾರಿ ಕ್ಯಾಲೆಂಡರ್ ವಿಕ್ರಮ ಸಂವತ್, ಅದರ ತಿಂಗಳುಗಳು ಸೂರ್ಯನ ಲೆಕ್ಕದವು. ನಮ್ಮಲ್ಲಿ ಕಾವೇರಿ ಉಕ್ಕುವ ಹೊತ್ತಿಗೆ, ಹೆಚ್ಚೆಂದರೆ ಒಂದು ದಿನ ಆಚೀಚೆ, ಅಲ್ಲಿ ಕಾರ್ತಿಕ ತಿಂಗಳು ಶುರು. ಹಬ್ಬ ಮಾತ್ರ ಚಂದ್ರನ ತಿಥಿಗೆ. ಅಂದರೆ ಸಂಬಳ ಸೂರ್ಯನಿಗೆ, ಬೋನಸ್ ಚಂದ್ರನಿಗೆ.

ಹೋದ ವರ್ಷ ಒಂದು ಚಂದದ ಸಂಗತಿ ನಡೆಯಿತು. 2025ರ ಅಕ್ಟೋಬರ್ 6ರ ರಾತ್ರಿ ಹುಣ್ಣಿಮೆ. ನಮ್ಮ ಉತ್ತರ ಕರ್ನಾಟಕದ ಕಡೆ ಅದು ಶೀಗೆ ಹುಣ್ಣಿಮೆ, ಹೊಲದಲ್ಲಿ ನಿಂತ ಬೆಳೆಗೆ ಬಸುರಿಯ ಬಯಕೆ ತೀರಿಸುವ ದಿನ. ನೇಪಾಳದಲ್ಲಿ ಅದು ದಶೈಂ, ಅಂದರೆ ಅವರ ದಸರಾ, ಮುಗಿಯುವ ಹುಣ್ಣಿಮೆ. ಶ್ರೀಲಂಕಾದಲ್ಲಿ ವಪ್ ಪೋಯ ಎಂಬ ಬೌದ್ಧರ ಹುಣ್ಣಿಮೆ. ಮ್ಯಾನ್ಮಾರ್‌ನಲ್ಲಿ ತಡಿಂಜುಟ್ ಎಂಬ ದೀಪದ ಹಬ್ಬ. ಚೀನಾದಲ್ಲಿ ನಡು ಶರತ್ಕಾಲದ ಹಬ್ಬ, ಚಂದ್ರನ ಆಕಾರದ ಮೂನ್‌ಕೇಕ್ ಕತ್ತರಿಸಿ ಹಂಚುವ ರಾತ್ರಿ. ನಮ್ಮ ಸುತ್ತ ಎಷ್ಟು ಅಂಗಳಗಳಿಂದ ಜನ ಅದೇ ಚಂದ್ರನನ್ನು ನೋಡಿದರು ಲೆಕ್ಕ ಹಾಕಿ.

ಇದು ಪ್ರತಿ ವರ್ಷ ಹೀಗಾಗುವುದಿಲ್ಲ. ಚೀನಾದವರ ಹುಣ್ಣಿಮೆ ಸಾಮಾನ್ಯವಾಗಿ ಒಂದು ತಿಂಗಳು ಮೊದಲೇ, ನಮ್ಮ ಭಾದ್ರಪದದ ಜೋಕುಮಾರ ಹುಣ್ಣಿಮೆಗೆ ಬೀಳುತ್ತದೆ. 2024ರಲ್ಲಿ ಅವರದು ಸೆಪ್ಟೆಂಬರ್ 17. ಅವರೂ ನಮ್ಮ ಹಾಗೆ ಅಧಿಕ ಮಾಸ ಸೇರಿಸುತ್ತಾರೆ. ಆದರೆ ಅವರು ಅದನ್ನು 2025ರಲ್ಲಿ, ಆರನೇ ತಿಂಗಳ ನಂತರ ಸೇರಿಸಿದರು. ನಾವು 2026ರಲ್ಲಿ ಸೇರಿಸಿದೆವು. ಆ ನಡುವಿನ ಒಂದು ಶರತ್ಕಾಲದಲ್ಲಿ ಮಾತ್ರ ಎರಡೂ ಲೆಕ್ಕ ಒಂದೇ ಚಂದ್ರನಿಗೆ ಸೇರಿದವು. ಈ ವರ್ಷ ಅವರ ಹಬ್ಬ ಸೆಪ್ಟೆಂಬರ್ 25ಕ್ಕೇ ಮುಗಿಯುತ್ತದೆ. ನಮ್ಮ ಶೀಗೆ ಹುಣ್ಣಿಮೆ ಅಕ್ಟೋಬರ್ 25ರ ರಾತ್ರಿ. ಪಕ್ಕದ ಮನೆಯವರು ಒಂದು ತಿಂಗಳು ಮೊದಲೇ ಊಟಕ್ಕೆ ಕೂತ ಹಾಗೆ.

ಇಷ್ಟೆಲ್ಲ ಹಬ್ಬ ಈ ಎರಡೇ ತಿಂಗಳಲ್ಲಿ ಯಾಕೆ ಒತ್ತಿಕೊಂಡಿವೆ? ಕೊಡಗಿನ ಗದ್ದೆ ನೋಡಿದರೆ ಉತ್ತರ ಸಿಗುತ್ತದೆ. ನಾಟಿ ಮುಗಿದಿದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಬರುವುದೇ ಆ ಕೆಲಸ ಮುಗಿದ ಮೇಲೆ. ಭತ್ತ ಇನ್ನೂ ಹಸಿರು, ಕೊಯ್ಲಿಗೆ ಸಮಯ ಇದೆ. ಕಾಫಿ ಹಣ್ಣಾಗಿಲ್ಲ, ಅರೇಬಿಕಾ ಕೊಯ್ಲು ನವೆಂಬರ್ ಆಮೇಲೆ. ಮಳೆ ತಗ್ಗಿದೆ, ರಸ್ತೆ ತೆರೆದಿದೆ. ರೈತನಿಗೆ ವರ್ಷದಲ್ಲಿ ಕೈ ಸ್ವಲ್ಪ ಖಾಲಿ ಇರುವ ಹೊತ್ತು ಇದೇ. ತುಲಾ ಸಂಕ್ರಮಣಕ್ಕೆ ಇಲ್ಲಿ ಗದ್ದೆಯಲ್ಲಿ ಬಳ್ಳಿ ಸುತ್ತಿದ ಬೊತ್ತು ಎಂಬ ಕೋಲು ನೆಡುತ್ತಾರೆ, ಬೆಳೆ ಕಾಯಲಿ ಎಂದು. ಮನೆಯಲ್ಲಿ ದೋಸೆ, ಕುಂಬಳಕಾಯಿ ಪಲ್ಯ. ಹಿಮಾಲಯದಿಂದ ಲಂಕಾದವರೆಗೆ ಭತ್ತ ಬೆಳೆಯುವ ಜನರ ಕಥೆ ಹೆಚ್ಚು ಕಮ್ಮಿ ಇದೇ. ಮಳೆಗೂ ಕೊಯ್ಲಿಗೂ ನಡುವೆ ಸಿಕ್ಕ ಸಂದಿಯಲ್ಲಿ ಹಬ್ಬ ಮಾಡಿ, ನೆಂಟರ ಮನೆಗೆ ಹೋಗಿ ಬರುವುದು.

ಈಗ ದಶೈಂ ಕಡೆ ಬರುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಜಾಸ್ತಿ ಕೇಳಿದ ಕಥೆ ಇದು.

ಹಬ್ಬ ಹದಿನೈದು ದಿನ. ಆಶ್ವಯುಜ ಪಾಡ್ಯದಂದು ಘಟಸ್ಥಾಪನೆ. ಅಂದು ಮರಳು ಮಣ್ಣಿನಲ್ಲಿ ಬಾರ್ಲಿ ಬಿತ್ತಿ, ಬಿಸಿಲು ತಾಗದ ಕೋಣೆಯಲ್ಲಿಡುತ್ತಾರೆ. ಬೆಳಕಿಲ್ಲದ್ದರಿಂದ ಮೊಳಕೆ ಹಸಿರಾಗದೆ ಹಳದಿಯಾಗಿ ಉದ್ದ ಬರುತ್ತದೆ. ಅದೇ ಜಮರಾ. ಏಳನೇ ದಿನ ಫೂಲ್‌ಪಾತಿ, ಗೋರ್ಖಾದ ಹಳೆ ಅರಮನೆಯಿಂದ ಹೂವು ಪತ್ರೆ ಕಠ್ಮಂಡುವಿನ ಹನುಮಾನ್ ಢೋಕಾಗೆ ಮೆರವಣಿಗೆಯಲ್ಲಿ ಬರುತ್ತದೆ. ಆಮೇಲೆ ಕುರಿ ಮೇಕೆಗಳ ಬಲಿಯ ಕಾಲ. ಹತ್ತನೇ ದಿನ ಟೀಕಾ. ಅಕ್ಕಿ, ಮೊಸರು, ಕೆಂಪು ಪುಡಿ ಕಲಸಿ ಹಿರಿಯರು ಕಿರಿಯರ ಹಣೆಗೆ ದಪ್ಪಗೆ ಮೆತ್ತುತ್ತಾರೆ. ಕಿವಿಗೆ ಜಮರಾ ಸಿಕ್ಕಿಸಿ, ಕೈಗೆ ದಕ್ಷಿಣೆ ಕೊಟ್ಟು ಹರಸುತ್ತಾರೆ. ಮಗರರಂಥ ಕೆಲವು ಸಮುದಾಯಗಳಲ್ಲಿ ಕೆಂಪು ಸೇರಿಸದೆ ಬಿಳಿ ಟೀಕಾ ಇಡುವುದೂ ಇದೆ. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಟೀಕಾ ಇಲ್ಲ.

ಹತ್ತನೇ ದಿನಕ್ಕೇ ಮುಗಿಯಬೇಕಾದ ಹಬ್ಬ ಹದಿನೈದು ದಿನ ಯಾಕೆ? ನನಗೆ ಇದು ಅರ್ಥವಾಗಲು ಎರಡು ವರ್ಷ ಬೇಕಾಯಿತು. ಟೀಕಾ ಇಡಬೇಕಾದವರು ಹಿರಿಯರು. ಇಡಿಸಿಕೊಳ್ಳಬೇಕಾದವರು ಅವರ ಮನೆಗೆ ಹೋಗಬೇಕು. ಮೊದಲ ದಿನ ಸ್ವಂತ ಮನೆ. ಮರುದಿನ ಸೋದರಮಾವನ ಮನೆ. ಆಮೇಲೆ ಹೆಂಡತಿಯ ತವರು, ದೊಡ್ಡಪ್ಪ, ಅತ್ತೆ. ಬೆಟ್ಟದ ನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಒಂದು ದಿನ ಹಿಡಿಯುವುದೂ ಉಂಟು. ದಶಮಿಯಿಂದ ಹುಣ್ಣಿಮೆಯವರೆಗಿನ ಐದು ದಿನ ಅದಕ್ಕೇ. ನಮ್ಮ ಕಡೆ ಮದುವೆಯಾದ ಹೊಸದರಲ್ಲಿ ಮನೆ ಮನೆ ಊಟಕ್ಕೆ ಕರೆಯುತ್ತಾರಲ್ಲ, ಅದನ್ನೇ ಪ್ರತಿ ವರ್ಷ ಇಡೀ ದೇಶ ಒಟ್ಟಿಗೆ ಮಾಡಿದರೆ ಹೇಗಿರುತ್ತದೋ ಹಾಗೆ. ಕಠ್ಮಂಡು ಖಾಲಿ, ಬಸ್ಸುಗಳ ಮೇಲೆಲ್ಲ ಗಂಟುಮೂಟೆ, ರೇಡಿಯೋದಲ್ಲಿ ಮಾಲಶ್ರೀ ಧುನ್. ಆ ರಾಗ ಕೇಳಿದರೆ ಸಾಕು, ಇವನಿಗೆ ಇಲ್ಲಿ ರೊಟ್ಟಿ ತಟ್ಟುವ ಕೈ ನಿಲ್ಲುತ್ತದೆ.

ಗಾಳಿಪಟವೂ ಹಾರಿಸುತ್ತಾರೆ. ಇಂದ್ರನಿಗೆ "ಮಳೆ ಸಾಕು" ಎಂದು ಹೇಳಿ ಕಳಿಸುವ ಪತ್ರ ಅದು ಎಂಬ ನಂಬಿಕೆ. ಅಲ್ಲಿ ಮುಂಗಾರು ಅಕ್ಟೋಬರ್ ಮೊದಲ ಭಾಗದಲ್ಲೇ ಹಿಂದೆ ಸರಿಯುವುದರಿಂದ ಇಂದ್ರ ಮಾತು ಕೇಳಿದ ಹಾಗೇ ಕಾಣುತ್ತದೆ. ಕೊಡಗಿನಲ್ಲಿ ಹಿಂಗಾರು ಬಾಕಿ ಇರುತ್ತದೆ. ಇಲ್ಲಿ ಪತ್ರ ತಲುಪುವುದಿಲ್ಲ.

ದಾರಿಯ ಕಥೆ ಕೇಳಿ. ಸುಂಟಿಕೊಪ್ಪದಿಂದ ಬಸ್ಸಿನಲ್ಲಿ ಮೈಸೂರು, ಅಲ್ಲಿಂದ ಬೆಂಗಳೂರು. ಯಶವಂತಪುರದಲ್ಲಿ ಗೋರಖ್‌ಪುರದ ರೈಲು ಹತ್ತಿದರೆ ಸುಮಾರು ಎರಡು ದಿನ. ಗೋರಖ್‌ಪುರದಿಂದ ಜೀಪಿನಲ್ಲಿ ಸೊನೌಲಿ. ಅಲ್ಲಿ ಗಡಿಯ ಗೇಟು. 1950ರ ಒಪ್ಪಂದದಿಂದಾಗಿ ಎರಡೂ ದೇಶದವರಿಗೆ ವೀಸಾ ಬೇಕಿಲ್ಲ, ನಡೆದೇ ದಾಟಬಹುದು. ದಾಟಿದ ಕೂಡಲೇ ನಮ್ಮ 100 ರೂಪಾಯಿ ಅಲ್ಲಿನ 160 ಆಗುತ್ತದೆ. 1993ರಿಂದ ಈ ದರ ಬದಲಾಗಿಲ್ಲ. "ಗೇಟ್ ದಾಟಿದ ತಕ್ಷಣ ನಾನು ಶ್ರೀಮಂತ ಅಕ್ಕ, ಮನೆ ಸೇರೋ ಹೊತ್ತಿಗೆ ಬಡವ" ಎನ್ನುತ್ತಾನೆ. ಭೈರಹವಾದಿಂದ ಮತ್ತೆ ಒಂದು ದಿನದ ಬೆಟ್ಟದ ದಾರಿ. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಇಷ್ಟು ದೂರ ಹೋದವನು ದಶೈಂ ಮುಗಿಸಿ ಓಡಿ ಬಂದು, ಇಪ್ಪತ್ತು ದಿನಕ್ಕೆ ಮತ್ತೆ ತಿಹಾರ್‌ಗೆ, ಅಂದರೆ ಅವರ ದೀಪಾವಳಿಗೆ, ಹೋಗಲು ಆಗುತ್ತದಾ? ದಶಮಿಯಿಂದ ಅಮಾವಾಸ್ಯೆಗೆ ಇಪ್ಪತ್ತು ತಿಥಿ. ಅದಕ್ಕೇ ಎರಡೂ ಸೇರಿಸಿ ಒಂದೇ ರಜೆ. ನಲವತ್ತು ದಿನದ ರಜೆ ಎಂದು ನಾನು ಗೊಣಗುತ್ತಿದ್ದುದು ಈ ಲೆಕ್ಕ ಗೊತ್ತಾಗುವ ತನಕ. ಈಗಲೂ ಗೊಣಗುತ್ತೇನೆ, ಆದರೆ ಮೆಲ್ಲಗೆ.

2024ರಲ್ಲಿ ಮಾತ್ರ ಅವನು ಹೋಗಲಿಲ್ಲ. ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, ಘಟಸ್ಥಾಪನೆಗೆ ಇನ್ನೇನು ಒಂದು ವಾರ ಇದೆ ಎನ್ನುವಾಗ ನೇಪಾಳದಲ್ಲಿ ಭಾರೀ ಮಳೆ ಸುರಿಯಿತು. ಹೊಳೆಗಳು ಉಕ್ಕಿ, ಗುಡ್ಡ ಜಾರಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ರಸ್ತೆಗಳು ಕೊಚ್ಚಿಹೋದವು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಫೋನ್ ಮಾಡಿ "ಬರಬೇಡ" ಎಂದರಂತೆ.

ಮರುದಿನ ಅವನು ಕುಶಾಲನಗರದಿಂದ ಅರ್ಧ ಕೆಜಿ ಬಾರ್ಲಿ ತಂದ. ಐಸ್‌ಕ್ರೀಂ ಡಬ್ಬಕ್ಕೆ ಹೊಳೆಯ ಮರಳು, ತೋಟದ ಮಣ್ಣು ತುಂಬಿ, ಘಟಸ್ಥಾಪನೆಯ ದಿನ ಬಿತ್ತಿ, ಕಾಫಿ ಗೋಡಾನಿನ ಮೂಲೆಯಲ್ಲಿಟ್ಟು ಗೋಣಿ ಮುಚ್ಚಿದ. ಮೂರು ದಿನವಾದರೂ ಒಂದು ಮೊಳಕೆ ಇಲ್ಲ. ನಾಲ್ಕನೇ ದಿನ ಕೆದಕಿ ನೋಡಿದರೆ ಕಾಳು ಊದಿಕೊಂಡು ಹುಳಿ ವಾಸನೆ. ಆಮೇಲೆ ಹೊಳೆಯಿತು: ಅಂಗಡಿಯ ಬಾರ್ಲಿ ಗಂಜಿಗೆಂದು ಪಾಲಿಶ್ ಮಾಡಿದ್ದು. ಸಿಪ್ಪೆಯ ಜೊತೆ ಮೊಳಕೆಯ ಕಣ್ಣೂ ಹೋಗಿರುತ್ತದೆ, ಅದು ಏನು ಮಾಡಿದರೂ ಹುಟ್ಟುವುದಿಲ್ಲ. ಕೊನೆಗೆ ಹಿಟ್ಟಿನ ಮಿಲ್ಲಿನಿಂದ ಒಂದು ಹಿಡಿ ಗೋಧಿ ತಂದು ಮತ್ತೆ ಬಿತ್ತಿದ. ದಶಮಿಯ ಬೆಳಿಗ್ಗೆ ಗೋಣಿ ಎತ್ತಿದಾಗ ಬೆರಳುದ್ದದ ಮೊಳಕೆ, ಬೆಣ್ಣೆಯಂಥ ಹಳದಿ. ಊರಲ್ಲಿ ಗೇಣುದ್ದ ಬರುತ್ತದಂತೆ. "ಇದು ಕೊಡಗಿನ ಜಮರಾ, ಗಿಡ್ಡ" ಎಂದ.

ಟೀಕಾಕ್ಕೆ ನಾನು ಅಕ್ಕಿ ಡಬ್ಬ ತೆಗೆದು ಕೊಟ್ಟೆ. ಅದು ಕುಸುಬಲಕ್ಕಿ. ನೋಡಿ ತಲೆ ಅಲ್ಲಾಡಿಸಿದ, ಬೆಳ್ತಿಗೆ ಅಕ್ಕಿಯೇ ಆಗಬೇಕಂತೆ. ನಮ್ಮಲ್ಲಿ ಮಂತ್ರಾಕ್ಷತೆಗೂ ಹಾಗೇ ಅಲ್ವಾ? ಸಿಗ್ನಲ್ ಸಿಗುವುದು ಹಿಂದಿನ ಕಿಟಕಿಯ ಹತ್ತಿರ ಮಾತ್ರ. ಅಲ್ಲಿ ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ನಿಲ್ಲಿಸಿದ. ಅಮ್ಮ ಆ ಕಡೆಯಿಂದ ಬೆರಳಲ್ಲಿ ಕ್ಯಾಮರಾಕ್ಕೇ ಟೀಕಾ ಮೆತ್ತಿದರು. ಪರದೆ ಪೂರ್ತಿ ಕೆಂಪು. ಮಂತ್ರ ಮುಗಿಯುವವರೆಗೂ ನಮಗೆ ಅವರ ಮುಖ ಕಾಣಲಿಲ್ಲ. ಆಮೇಲೆ ಅವನು ನನ್ನ ಕಡೆ ತಿರುಗಿ ಬಗ್ಗಿದ. "ಇಲ್ಲಿ ದೊಡ್ಡವರು ನೀವೇ ಅಕ್ಕ." ನನಗೆ ಹರಕೆಯ ಮಾತು ಗೊತ್ತಿಲ್ಲ. "ಚೆನ್ನಾಗಿರು, ಊರಲ್ಲಿ ಮನೆ ಕಟ್ಟು" ಎಂದೆ. ಕೈಗೆ 101 ರೂಪಾಯಿ ಇಟ್ಟೆ. ಆ ದಿನವಿಡೀ ಅವನು ದೋಸೆ ಬಡಿಸುವಾಗ ಹಣೆಯಿಂದ ಒಂದೊಂದೇ ಅಕ್ಕಿ ಉದುರುತ್ತಿತ್ತು. ಗೆಸ್ಟ್ ಒಬ್ಬರು ಚಟ್ನಿಯಲ್ಲಿ ಕೆಂಪು ಕಾಳು ಕಂಡು ಏನೆಂದು ಕೇಳಿದರು.

ತಿಹಾರ್ ನಮಗೆ ಅಷ್ಟು ಹೊಸದಲ್ಲ, ನಮ್ಮ ದೀಪಾವಳಿಯ ಪಕ್ಕದಲ್ಲೇ ನಡೆಯುತ್ತದೆ. ಐದು ದಿನ. ಮೊದಲ ದಿನ ಕಾಗೆಗೆ ಅನ್ನ. ನಮ್ಮ ನರಕ ಚತುರ್ದಶಿಯ ದಿನ ಅಲ್ಲಿ ನಾಯಿಗೆ ಪೂಜೆ. ಅಮಾವಾಸ್ಯೆಗೆ ಹಸು ಮತ್ತು ಲಕ್ಷ್ಮಿ. ಬಲಿಪಾಡ್ಯಮಿಯಂದು ಎತ್ತು, ಗೋವರ್ಧನ. ನೇವಾರ ಜನರಿಗೆ ಅಂದೇ ಹೊಸ ವರ್ಷ, ತಮ್ಮ ದೇಹಕ್ಕೇ ಪೂಜೆ ಮಾಡಿಕೊಳ್ಳುವ ಮ್ಹ ಪೂಜೆ. ಐದನೇ ದಿನ ಭಾಯಿ ಟೀಕಾ, ಅಕ್ಕತಂಗಿಯರು ಏಳು ಬಣ್ಣದ ಟೀಕಾ ಇಟ್ಟು, ಬಾಡದ ನೇರಳೆ ಗುಂಡುಹೂವಿನ ಮಾಲೆ ಹಾಕುತ್ತಾರೆ. ಹೊಸ್ತಿಲಲ್ಲಿ ಅಕ್ರೋಟು ಒಡೆಯುತ್ತಾರೆ. ಒಡಹುಟ್ಟಿದವರಿಲ್ಲದವರಿಗೆ ಕಠ್ಮಂಡುವಿನಲ್ಲಿ ರಾಣಿಪೋಖರಿ ಕೆರೆಯ ನಡುವಿನ ಗುಡಿ ಅಂದು ಬಾಗಿಲು ತೆರೆಯುತ್ತದೆ. ನಮ್ಮ ಮನೆಯ ನಾಯಿ ಆ ವರ್ಷ ಚೆಂಡುಹೂವಿನ ಮಾಲೆ ಹಾಕಿಕೊಂಡು, ಅದನ್ನು ಅರ್ಧ ತಿಂದು, ಮಧ್ಯಾಹ್ನ ವಾಂತಿ ಮಾಡಿತು. ಇವನ ಅಣ್ಣ ಕತಾರ್‌ನಲ್ಲಿದ್ದಾನೆ. ಊರಿಗೆ ಹೋದ ವರ್ಷವೂ ತಂಗಿ ಒಬ್ಬನ ಹಣೆಗೆ ಟೀಕಾ ಇಟ್ಟು, ಇನ್ನೊಬ್ಬನಿಗೆ ಫೋನಿಗೇ ಇಡುತ್ತಾಳೆ.

ಭೂತಾನದಲ್ಲಿ ದಕ್ಷಿಣ ಭಾಗದ ನೇಪಾಳಿ ಮಾತಾಡುವ ಜನರ ದಶೈಂಗೂ ಒಂದು ದಿನ ಸರ್ಕಾರಿ ರಜೆ ಇದೆ. ನನಗೆ ಹಿಡಿಸಿದ್ದು ಅವರ ಥ್ರುಯೆ ಬಾಬ್. ಸೆಪ್ಟೆಂಬರ್ 22–24ರ ಆಸುಪಾಸಿಗೆ, ಮಳೆಗಾಲ ಮುಗಿಯಿತು ಎಂದು ಮಾಡುವ ಹಬ್ಬ. ಆ ದಿನ ಹರಿಯುವ ನೀರೆಲ್ಲ ಪವಿತ್ರ ಎಂದು ಬೆಳಗಿನ ಜಾವ ಬಯಲಲ್ಲೇ ಮೀಯುತ್ತಾರೆ, ಆಮೇಲೆ ಬಿಸಿ ಗಂಜಿ ಕುಡಿಯುತ್ತಾರೆ. ಭಾಗಮಂಡಲದ ಸಂಗಮದಲ್ಲಿ ನಡುಗುತ್ತಾ ಮುಳುಗಿ ಎದ್ದವರಿಗೆ ಆ ಗಂಜಿಯ ಬೆಲೆ ಗೊತ್ತು.

ಬಾಂಗ್ಲಾದೇಶದ ಶರತ್ಕಾಲ ಎಂದರೆ ಹೊಳೆ ದಂಡೆಯ ಬಿಳಿ ಕಾಶ ಹೂವು ಮತ್ತು ದುರ್ಗಾಪೂಜೆ. ಹಿಂದೂಗಳು ಅಲ್ಲಿ ನೂರಕ್ಕೆ ಎಂಟರಷ್ಟು, ಆದರೂ 30 ಸಾವಿರಕ್ಕೂ ಹೆಚ್ಚು ಪೂಜಾ ಮಂಟಪಗಳು ಏಳುತ್ತವೆ. ವಿಜಯದಶಮಿ ಸರ್ಕಾರಿ ರಜೆ.

ಬೌದ್ಧ ನೆರೆಯವರ ಲೆಕ್ಕ ಅರ್ಥವಾಗಲು ನಮ್ಮ ಚಾತುರ್ಮಾಸ್ಯ ನೆನಪಿಸಿಕೊಂಡರೆ ಸಾಕು. ಮಳೆಗಾಲದಲ್ಲಿ ಸ್ವಾಮಿಗಳು ಊರೂರು ಸುತ್ತದೆ ಒಂದೇ ಕಡೆ ಇರುತ್ತಾರಲ್ಲ, ಬೌದ್ಧ ಭಿಕ್ಷುಗಳದೂ ಅದೇ ಪದ್ಧತಿ, ಮೂರು ತಿಂಗಳು. ಆ ಮಳೆವಾಸ ಮುಗಿಯುವುದು ಆಶ್ವಯುಜ ಹುಣ್ಣಿಮೆಗೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ರಜೆ, ಹೆಂಡದಂಗಡಿ ಬಂದ್. ವಪ್ ಪೋಯ ಕಳೆದ ಒಂದು ತಿಂಗಳೊಳಗೆ ಊರವರು ಭಿಕ್ಷುಗಳಿಗೆ ಹೊಸ ಚೀವರ, ಅಂದರೆ ಉಡುವ ವಸ್ತ್ರ, ಕೊಡುತ್ತಾರೆ, ಅದೇ ಕಠಿನ. ಒಂದು ವಿಹಾರಕ್ಕೆ ವರ್ಷಕ್ಕೆ ಒಂದೇ ಸಲ. ಲಂಕಾದಲ್ಲಿ ದೀಪಾವಳಿಗೂ ರಜೆ ಇದೆ. ನಮ್ಮಿಂದ ಘಟ್ಟ ಇಳಿದು ಸುಳ್ಯದ ರಬ್ಬರ್ ತೋಟಗಳಿಗೆ ಹೋದರೆ, 1964ರ ಒಪ್ಪಂದದ ಮೇಲೆ ಅಲ್ಲಿನ ಚಹಾ ತೋಟಗಳಿಂದ ವಾಪಸ್ ಬಂದ ತಮಿಳು ಕುಟುಂಬಗಳು ಸಿಗುತ್ತವೆ. ಅಲ್ಲಿನ ಅಜ್ಜಿಯರಿಗೆ ದೀಪಾವಳಿ ಎಂದರೆ ಇಂದಿಗೂ ಲಂಕಾದ ಲೈನ್‌ಮನೆಯ ನೆನಪೇ.

ಮ್ಯಾನ್ಮಾರ್‌ನಲ್ಲಿ ಅದೇ ಹುಣ್ಣಿಮೆಗೆ ದೀಪ ಹಚ್ಚುತ್ತಾರೆ. ದೇವಲೋಕದಲ್ಲಿ ತಾಯಿಗೆ ಧರ್ಮ ಬೋಧಿಸಿದ ಬುದ್ಧ ಭೂಮಿಗೆ ಇಳಿದು ಬಂದ, ಅವನಿಗೆ ದಾರಿ ಕಾಣಲಿ ಎಂದು. ಕಿರಿಯರು ಹಿರಿಯರ ಮನೆಗೆ ಹೋಗಿ ಕಾಲಿಗೆ ಬಿದ್ದು ಕಾಣಿಕೆ ಕೊಡುತ್ತಾರೆ. ನೇಪಾಳದ ದುಡ್ಡು ಹಿರಿಯರಿಂದ ಕಿರಿಯರಿಗೆ, ಮ್ಯಾನ್ಮಾರ್‌ನದು ಕಿರಿಯರಿಂದ ಹಿರಿಯರಿಗೆ. ಇದೇ ಕಥೆ ಕುಶಾಲನಗರದಿಂದ ಆರೇ ಕಿಲೋಮೀಟರ್ ದೂರದ ಬೈಲಕುಪ್ಪೆಯಲ್ಲೂ ಇದೆ. ಟಿಬೆಟಿಯನ್ನರು ಅದನ್ನು ಲಬಾಬ್ ದುಚೆನ್ ಎನ್ನುತ್ತಾರೆ, ಬುದ್ಧ ಇಳಿದು ಬಂದ ದಿನ. ಅವರ ಒಂಬತ್ತನೇ ತಿಂಗಳ 22ಕ್ಕೆ, ಹೆಚ್ಚಾಗಿ ನವೆಂಬರ್ ಹೊತ್ತಿಗೆ ಬರುತ್ತದೆ. 1961ರಲ್ಲಿ ಕಾಡು ಕಡಿದು ಕಟ್ಟಿದ ಆ ಕ್ಯಾಂಪಿನ ಗೋಂಪಾಗಳಲ್ಲಿ ಅಂದು ದೀಪಗಳ ಸಾಲು. ಆದರೆ ಮನೆಗಳಲ್ಲಿ ಹಲವರು ಇರುವುದಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಸ್ವೆಟರ್ ಮಾರಲು ದೂರದ ಪಟ್ಟಣಗಳಿಗೆ ಹೋಗಿರುತ್ತಾರೆ. ಅವರ ದುಡಿಮೆಯ ಕಾಲವೂ ಹಬ್ಬದ ಕಾಲವೂ ಒಂದೇ. ನಮ್ಮ ಹೋಂಸ್ಟೇಯವರ ಕಥೆಯೂ ಹಾಗೇ ಅಲ್ವಾ?

ಚೀನಾದ ರಜೆ ಮಾತ್ರ ಬೇರೆ ಜಾತಿಯದು. ಅಲ್ಲಿ ಚಂದ್ರನ ಜೊತೆ ಸರ್ಕಾರವೂ ಕೂತು ಲೆಕ್ಕ ಹಾಕುತ್ತದೆ. ಅಕ್ಟೋಬರ್ 1 ರಾಷ್ಟ್ರೀಯ ದಿನ. 1999ರಲ್ಲಿ, ಜನ ಓಡಾಡಲಿ, ದುಡ್ಡು ಖರ್ಚು ಮಾಡಲಿ ಎಂದು ಅದನ್ನು ಒಂದು ವಾರಕ್ಕೆ ಎಳೆದರು. ಅದೇ "ಚಿನ್ನದ ವಾರ". ಕಾನೂನಿನ ಪ್ರಕಾರ ರಜೆ ಮೂರೇ ದಿನ. ಉಳಿದದ್ದು ಎಲ್ಲಿಂದ ಬಂತು? ಹೋದ ವರ್ಷದ್ದೇ ನೋಡಿ, ಅಕ್ಟೋಬರ್ 1ರಿಂದ 8ರವರೆಗೆ ರಜೆ. ರಾಷ್ಟ್ರೀಯ ದಿನಕ್ಕೆ ಮೂರು, ನಡು ಶರತ್ಕಾಲದ ಹಬ್ಬಕ್ಕೆ ಒಂದು, ನಡುವೆ ಬಿದ್ದ ಶನಿವಾರ ಭಾನುವಾರ ಎರಡು. ಒಟ್ಟು ಆರು. ಬಾಕಿ ಎರಡು ದಿನ ಸಾಲ. ಅದಕ್ಕೆ ಸೆಪ್ಟೆಂಬರ್ 28ರ ಭಾನುವಾರ, ಅಕ್ಟೋಬರ್ 11ರ ಶನಿವಾರ ಆಫೀಸಿಗೆ ಹೋಗಬೇಕು. ನಮ್ಮ ಗೆಸ್ಟ್ ಹೇಳಿದ ಭಾನುವಾರದ ಆಫೀಸು ಇದೇ. ಆ ವಾರ ಸಣ್ಣ ಕಾರುಗಳಿಗೆ ಹೆದ್ದಾರಿಯಲ್ಲಿ ಟೋಲ್ ಇಲ್ಲ, 2012ರಿಂದ. ಪರಿಣಾಮ ಏನೆಂದು ಹೇಳಬೇಕಾ? ಟೋಲ್ ಇಲ್ಲದಿದ್ದರೂ ವಾರಾಂತ್ಯಕ್ಕೆ ಕುಶಾಲನಗರದಿಂದ ಮಡಿಕೇರಿ ಘಾಟಿ ಹೇಗಿರುತ್ತದೋ, ಅದನ್ನು ಇಡೀ ದೇಶಕ್ಕೆ ಹಿಗ್ಗಿಸಿಕೊಳ್ಳಿ.

ಮೂನ್‌ಕೇಕ್ ಅವರು ಒಂದೊಂದು ಪೂರ್ತಿ ತಿನ್ನುವುದಿಲ್ಲವಂತೆ. ತಾವರೆ ಬೀಜದ ಹೂರಣದ ನಡುವೆ ಉಪ್ಪು ಹಾಕಿದ ಮೊಟ್ಟೆಯ ಹಳದಿ, ಅದೇ ಚಂದ್ರ. ಒಂದನ್ನು ಹೋಳು ಮಾಡಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಉಡುಗೊರೆ ಡಬ್ಬಗಳ ಆಡಂಬರ ಜಾಸ್ತಿಯಾಗಿ, 2022ರಲ್ಲಿ ಸರ್ಕಾರ 500 ಯುವಾನ್ ಮೇಲಿನ ಡಬ್ಬಗಳ ಮೇಲೆ ಕಣ್ಣಿಟ್ಟಿತು. ಒಬ್ಬರು ನನಗೆ ಒಂದು ತುಂಡು ತಂದುಕೊಟ್ಟಿದ್ದರು. ಸಿಹಿ ಕಡುಬಿನೊಳಗೆ ಯಾರೋ ಉಪ್ಪಿನಕಾಯಿ ಇಟ್ಟ ಹಾಗಿತ್ತು.

ನಮ್ಮ ಕಡೆ ದಸರಾ ರಾತ್ರಿ ಯಾರೂ ಮಲಗುವುದಿಲ್ಲ. ನಾಲ್ಕು ಶಕ್ತಿ ದೇವತೆಗಳ ಕರಗ, ಹತ್ತು ದೇವಸ್ಥಾನಗಳ ದಶಮಂಟಪ, ಮಡಿಕೇರಿಯ ಬೀದಿಗಳಲ್ಲಿ ಬೆಳಗಿನ ತನಕ ಜನ. ಗೆಸ್ಟ್‌ಗಳು ಮೂರು ಗಂಟೆಗೆ ವಾಪಸ್ ಬಂದು "ಬಿಸಿ ಕಾಫಿ ಸಿಗುತ್ತಾ" ಎನ್ನುತ್ತಾರೆ. ಈ ವರ್ಷ ಆ ಕಾಫಿ ನಾನೇ ಮಾಡಬೇಕು. ಅದೇ ಬೆಳಗಿನ ಜಾವ ಬಾಗ್ಲುಂಗ್‌ನಲ್ಲಿ ಯಾರೋ ಕತ್ತಲೆ ಕೋಣೆಯಿಂದ ಗೇಣುದ್ದದ ಜಮರಾ ಕಿತ್ತು ತರುತ್ತಿರುತ್ತಾರೆ.

ಆಗಸ್ಟ್ ಎಂಟರ ಬೆಳಿಗ್ಗೆ ಟಿಕೆಟ್ ಸಿಕ್ಕಿತು, ವೇಟಿಂಗ್ ಲಿಸ್ಟ್ 14. ಅವನು ಖುಷಿಯಾಗಿದ್ದ. ನಾನು ಕ್ಯಾಲೆಂಡರ್ ಪಕ್ಕದಲ್ಲಿ ಮುಂದಿನ ವರ್ಷದ ಲೆಕ್ಕವನ್ನೂ ಬರೆದೆ. 2027ಕ್ಕೆ ಅಧಿಕ ಮಾಸ ಇಲ್ಲ. ಹಾಗಾಗಿ ದಸರಾ ಹನ್ನೊಂದು ದಿನ ಮೊದಲು, ಅಕ್ಟೋಬರ್ 9ರ ಆಸುಪಾಸು. ಅಂದರೆ ಇವನು ಸೆಪ್ಟೆಂಬರ್ ಕೊನೆಗೇ ಹೊರಡುತ್ತಾನೆ. ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ. ಹಿಂದಿನಿಂದ ಬಗ್ಗಿ ನೋಡಿ, ಹಿಟ್ಟಿನ ಕೈಯಲ್ಲೇ ಮೇಜಿನ ಮೇಲಿದ್ದ ಪೆನ್ನು ಎತ್ತಿ ಕೊಟ್ಟ.

"ಇದರಲ್ಲಿ ಬರೀರಿ ಅಕ್ಕ."